ಪಕ್ಕದ ಸೀಟಿನ ಪೈಲಟ್ ಕುಸಿದರೆ: ನಾನು ಪಾಲಿಸುವ ಕ್ರಮ

ಜೊತೆಯವರು ಎದೆ ಹಿಡಿದು ಒರಗಿದರೆ ಯಾರಿಗಾದರೂ ತಿಳಿಯುತ್ತದೆ. ನಾನು ಹೆಚ್ಚು ಹೆದರುವುದು ಸದ್ದಿಲ್ಲದೆ ಬರುವ ಅಸ್ವಸ್ಥತೆಗೆ. ಕಣ್ಣು ತೆರೆದಿದೆ, ಕೈ ಥ್ರಸ್ಟ್ ಲಿವರ್ (ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿಕೆ) ಮೇಲಿದೆ, ಅರಿವು ಮಾತ್ರ ಇಲ್ಲ. ಆದ್ದರಿಂದ ಪ್ರತಿ ಕಾಲ್‌ಔಟ್‌ಗೂ (ಹಾರಾಟದಲ್ಲಿ ಗಟ್ಟಿಯಾಗಿ ಹೇಳುವ ನಿಗದಿತ ಮಾತು) ಉತ್ತರ ಬರಲೇಬೇಕು. ಎರಡು ಸಲ ಕೇಳಿದರೂ ಮಾತಿಲ್ಲದಿದ್ದರೆ, ಅಥವಾ ವಿಮಾನ ದಾರಿ ತಪ್ಪುತ್ತಿರುವಾಗ ಒಂದು ಸಲ ಎಚ್ಚರಿಸಿದರೂ ಸರಿಪಡಿಸದಿದ್ದರೆ, ನಿಯಂತ್ರಣ ತೆಗೆದುಕೊಳ್ಳಲೇಬೇಕು. ಹಿರಿಯ ಕ್ಯಾಪ್ಟನ್ ಎಂಬ ಸಂಕೋಚ ಇಲ್ಲಿ ಸಲ್ಲದು.

‘ಐ ಹ್ಯಾವ್ ಕಂಟ್ರೋಲ್’ ಎಂದು ಜೋರಾಗಿ ಹೇಳಿ, ಆಟೊಪೈಲಟ್ ಚಾಲೂ ಇದೆಯೇ ಎಂದು ಖಚಿತಪಡಿಸಿಕೊಂಡು, ವೇಗ, ಎತ್ತರ ನೋಡುತ್ತೇನೆ. ಆರೈಕೆ ಆಮೇಲೆ. ಏರ್‌ಬಸ್‌ನಲ್ಲಿ ಅವರ ಕೈ ಸೈಡ್‌ಸ್ಟಿಕ್ (ಪ್ರತಿ ಪೈಲಟ್‌ನ ಪಕ್ಕದಲ್ಲಿರುವ ನಿಯಂತ್ರಣ ಕೋಲು) ಮೇಲೆ ಬಿದ್ದಿದ್ದರೆ ನನ್ನ ಸ್ಟಿಕ್‌ನ ಕೆಂಪು ಗುಂಡಿಯನ್ನು 40 ಸೆಕೆಂಡಿಗೂ ಹೆಚ್ಚು ಒತ್ತಿ ಹಿಡಿಯಬೇಕು. ಆಗ ಅವರದು ಕೆಲಸ ನಿಲ್ಲಿಸುತ್ತದೆ. ಗುಂಡಿ ಒತ್ತಿದರೆ ಆಟೊಪೈಲಟ್ ಕಳಚಿಕೊಳ್ಳುತ್ತದೆ, ಮತ್ತೆ ಹಾಕಲು ಮರೆಯಬಾರದು. ಬೋಯಿಂಗ್ 777ರಲ್ಲಿ ಪೈಲಟ್‌ಗಳ ಮುಂದಿನ ಎರಡೂ ಯೋಕ್ (ನಿಯಂತ್ರಣ ಹಿಡಿಕೆ) ಒಟ್ಟಿಗೇ ಅಲುಗುವುದರಿಂದ ಮೈಭಾರ ಮುಂದೆ ವಾಲಿದರೆ ವಿಮಾನವೇ ಮೂಗು ತಗ್ಗಿಸೀತು.

ಕೂಡಲೇ ಇಂಟರ್‌ಫೋನ್‌ನಲ್ಲಿ ಕ್ಯಾಬಿನ್ ಸಿಬ್ಬಂದಿ ಇಬ್ಬರನ್ನು ಕರೆಯುತ್ತೇನೆ. ಒಬ್ಬರು ಹಿಂದಿನಿಂದ ಭುಜ ಎಳೆದು ಹಿಡಿದರೆ, ಇನ್ನೊಬ್ಬರು ಭುಜದ ಬೆಲ್ಟ್ ಬಿಗಿದು ಲಾಕ್ ಮಾಡಿ, ಪೆಡಲ್ ಮೇಲಿನ ಪಾದ ತೆಗೆದು, ಸೀಟನ್ನು ಪೂರ್ತಿ ಹಿಂದೆ ಸರಿಸಿ ಒರಗಿಸಬೇಕು. ಪಾದ ತೆಗೆಯುವುದನ್ನು ಬಹಳ ಜನ ಮರೆಯುತ್ತಾರೆ. ಉಸಿರಾಟವಿದ್ದರೆ ಆಮ್ಲಜನಕದ ಮಾಸ್ಕ್. ಹೃದಯ ನಿಂತಿದ್ದರೆ ಮಾತ್ರ ಹೊರಗೆ ಎಳೆಯುವುದು ಅನಿವಾರ್ಯ, ಏಕೆಂದರೆ ಕೂತವರ ಎದೆ ಒತ್ತಿ ಪ್ರಯೋಜನವಿಲ್ಲ. ಆಗಲೂ ಅವರ ಕಾಲು ಎರಡು ಸೀಟುಗಳ ನಡುವಿನ ಸ್ವಿಚ್‌ಗಳಿಗೆ ತಾಗದಂತೆ ನಾನೇ ಕೈ ಅಡ್ಡ ಇಡುತ್ತೇನೆ.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋದಂಥ ದೂರದ ಹಾದಿಯಲ್ಲಿ ಬಂಕ್‌ನಲ್ಲಿ (ಸಿಬ್ಬಂದಿ ವಿಶ್ರಾಂತಿಯ ಮಂಚ) ಮಲಗಿದ ಹೆಚ್ಚುವರಿ ಪೈಲಟ್ ದೊಡ್ಡ ಬಲ. 2009ರಲ್ಲಿ ಬ್ರಸೆಲ್ಸ್‌ನಿಂದ ನ್ಯೂಅರ್ಕ್‌ಗೆ ಹೊರಟಿದ್ದ ಕಾಂಟಿನೆಂಟಲ್ 777ರ ಕ್ಯಾಪ್ಟನ್ ಹಾರಾಟದಲ್ಲೇ ತೀರಿಕೊಂಡಾಗ ಉಳಿದ ಇಬ್ಬರು ಪೈಲಟ್‌ಗಳು ವಿಮಾನವನ್ನು ಸುರಕ್ಷಿತವಾಗಿ ಇಳಿಸಿದರು. ಆದರೆ ಆಗಷ್ಟೇ ಎದ್ದವರಿಗೆ ಮಂಪರು ಇರುತ್ತದೆ. ನೀರು, ಬೆಳಕು ಕೊಟ್ಟು, ಪರಿಸ್ಥಿತಿ ವಿವರಿಸಿದ ಮೇಲಷ್ಟೇ ಕೆಲಸ ಒಪ್ಪಿಸುತ್ತೇನೆ. ಮೂರನೆಯ ಪೈಲಟ್ ಇಲ್ಲದಿದ್ದರೆ ಚೆಕ್‌ಲಿಸ್ಟ್ ಓದಲು ಸಿಬ್ಬಂದಿಯೊಬ್ಬರನ್ನು ಕೂರಿಸಿಕೊಳ್ಳುವುದು.

‘ಮೇಡೇ’ ಎಂಬ ತುರ್ತು ಕರೆ ಹೇಳಲು ಹಿಂಜರಿಯುವುದಿಲ್ಲ. ಉಪಗ್ರಹ ಫೋನ್‌ನಲ್ಲಿ ನೆಲದ ವೈದ್ಯರ ಸಲಹೆ ಸಿಗುತ್ತದೆ. ಹತ್ತಿರದ ರನ್‌ವೇಯೇ ಆಗಬೇಕೆಂದಿಲ್ಲ. ಒಳ್ಳೆಯ ಹವೆ, ಆಸ್ಪತ್ರೆ, ಆಟೊಲ್ಯಾಂಡ್‌ಗೆ (ವಿಮಾನ ತಾನಾಗಿಯೇ ಇಳಿಯುವುದು) ತಕ್ಕ ಐಎಲ್‌ಎಸ್ (ರನ್‌ವೇಗೆ ದಾರಿ ತೋರುವ ರೇಡಿಯೊ ವ್ಯವಸ್ಥೆ) ಇರುವ ನಿಲ್ದಾಣಕ್ಕೆ ಕೆಲವು ನಿಮಿಷ ಹೆಚ್ಚಾದರೂ ನನ್ನ ಮತ. ಇಳಿದ ಮೇಲೆ ಟ್ಯಾಕ್ಸಿ ಮಾಡುವ, ಅಂದರೆ ವಿಮಾನವನ್ನು ನೆಲದ ಮೇಲೆ ನಿಲುಗಡೆಯವರೆಗೆ ಓಡಿಸುವ, ಹಟ ಬೇಡ. ರನ್‌ವೇಯಲ್ಲೇ ನಿಲ್ಲಿಸಿ, ಬ್ರೇಕ್ ಹಾಕಿ, ಎಂಜಿನ್ ಆರಿಸಿ ಮೆಟ್ಟಿಲು ತರಿಸಬಹುದು. ಮೆಟ್ಟಿಲು ಯಾವ ಬಾಗಿಲಿಗೆ ಎಂದು ಎಟಿಸಿಗೆ (ವಾಯು ಸಂಚಾರ ನಿಯಂತ್ರಣ) ಇಳಿಯುವ ಮೊದಲೇ ಹೇಳಿರಬೇಕು.