ಕರಿ ಇಶಾಡ ದುಬೈ ಮುಟ್ಟಿದ ಬಗೆ: ನನ್ನ ಅನುಭವ

ಉತ್ತರ ಕನ್ನಡದ ಅಂಕೋಲೆಯ ಮಾವಿನ ತಳಿ ಕರಿ ಇಶಾಡದ ಸಿಪ್ಪೆ ತೆಳು, ತಿರುಳು ಮೃದು, ಕಳಿತ ಮೇಲೆ ನಾಲ್ಕು ದಿನ ಇಡುವುದೂ ಕಷ್ಟ. ಅಂಕೋಲೆಯ ಹೆದ್ದಾರಿಯ ಬದಿಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಗೆ ಎಲೆ ಹಾಸಿ ಡಜನ್ ಲೆಕ್ಕದಲ್ಲಿ ಮಾರುವಲ್ಲಿಗೆ ಅದರ ಪ್ರಯಾಣ ಬಹುಪಾಲು ಮುಗಿಯುತ್ತಿತ್ತು. 2022ರಲ್ಲಿ ನಾನು ಅದನ್ನು ದುಬೈಗೆ ಕಳಿಸಲು ಹೊರಟಾಗ ಪಕ್ಕದ ತೋಟದ ಹಿರಿಯರು, "ತಮಾ, ಈ ಹಣ್ಣು ಘಟ್ಟ ಹತ್ತೂದೇ ಕಷ್ಟ, ಸಮುದ್ರ ಹೆಂಗೆ ದಾಟ್ತದೆ?" ಎಂದು ಕೇಳಿದ್ದರು. ಮೊದಲೆರಡು ವರ್ಷ ಅವರ ಮಾತೇ ನಿಜವಾಯಿತು. ಮೂರನೆಯ ವರ್ಷ ಹಣ್ಣು ದಾಟಿತು.

ಮೊದಲ ವರ್ಷ ಸುಮಾರು 240 ಕಿಲೋ ಕಳಿಸಿದೆ. ರೂಢಿಯಂತೆ ಮರದಿಂದ ತಾನಾಗಿ ಹಣ್ಣು ಬೀಳತೊಡಗಿದ ಮೇಲೆ ಕೊಯ್ಲು ಮಾಡಿಸಿದೆ. ದೋಟಿಯ ಜಗ್ಗಾಟಕ್ಕೆ ತೊಟ್ಟು ಬುಡದಲ್ಲೇ ಮುರಿದು ಸೊನೆ ಮೈಮೇಲೆಲ್ಲ ಹರಿಯಿತು. ಕರಡ (ಒಣಹುಲ್ಲು) ತುಂಬಿದ ಪೆಟ್ಟಿಗೆಗಳನ್ನು ಸಸ್ಯ ತಪಾಸಣೆಯಲ್ಲಿ ಒಪ್ಪಲಿಲ್ಲವಾದ್ದರಿಂದ ಬೆಂಗಳೂರಿನಲ್ಲಿ ನಡುರಾತ್ರಿ ಎಲ್ಲವನ್ನೂ ಬಿಚ್ಚಿ ಕಾಗದದ ಚೂರು ಹಾಕಿ ಮತ್ತೆ ತುಂಬಬೇಕಾಯಿತು. ಅರಬೈಲ್ ಘಟ್ಟದ ತಿರುವುಗಳಲ್ಲಿ ಒಂದಕ್ಕೊಂದು ಉಜ್ಜಿದ್ದ ಹಣ್ಣು ದುಬೈ ಮುಟ್ಟುವಾಗ ನೂರಕ್ಕೆ ನಲವತ್ತರಷ್ಟು ಕಪ್ಪಾಗಿತ್ತು. ನಷ್ಟ 65 ಸಾವಿರದ ಆಸುಪಾಸು.

ಎರಡನೆಯ ವರ್ಷದ ತಪ್ಪು ಪೂರ್ತಿ ನನ್ನದು. ತಂಪು ಹೆಚ್ಚಿದಷ್ಟೂ ಹಣ್ಣು ಬಾಳುತ್ತದೆ ಎಂದು ನಂಬಿ ಗಾಡಿಯ ಉಷ್ಣತೆಯನ್ನು 7-8 ಡಿಗ್ರಿಗೆ ಇಳಿಸಿದೆ. ಹಣ್ಣು ಕಲ್ಲಿನಂತೆ ಗಟ್ಟಿಯಾಗಿಯೇ ತಲುಪಿತು, ಆದರೆ ಆಮೇಲೆ ಹಣ್ಣಾಗಲೇ ಇಲ್ಲ. ಸಿಪ್ಪೆ ಬೂದುಬಣ್ಣಕ್ಕೆ ತಿರುಗಿ, ಒಳಗೆ ಹುಳಿ ಹಾಗೆಯೇ ಉಳಿಯಿತು. ಸುಮಾರು 50 ಸಾವಿರ ಹೋಯಿತು. ದುಬೈಯಲ್ಲಿ ನನ್ನ ಹಣ್ಣು ಕೊಳ್ಳುತ್ತಿದ್ದ ಭಟ್ಕಳ ಮೂಲದ ವರ್ತಕರು ಎರಡು ತಿಂಗಳು ನನ್ನ ಫೋನನ್ನೇ ಎತ್ತಲಿಲ್ಲ. ಅದೇ 2023ರಲ್ಲಿ ಅಂಕೋಲಾ ಕರಿ ಇಶಾಡಕ್ಕೆ ಊರಿನ ಹೆಸರಿಗೆ ರಕ್ಷಣೆ ಕೊಡುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದ್ದು ನನಗೆ ಸಂತೋಷ ಕೊಟ್ಟಿತ್ತು, ಆದರೆ ಕೊಳೆತ ಹಣ್ಣಿಗೆ ಅದರಿಂದ ಬೆಲೆ ಬರುವುದಿಲ್ಲ.

2024ರಲ್ಲಿ ಬದಲಾಯಿಸಿದ್ದು ಮುಖ್ಯವಾಗಿ ಕೊಯ್ಲಿನ ದಿನವನ್ನು. ಮೊದಲ ಹಣ್ಣು ಬೀಳುವುದಕ್ಕೆ ಕಾಯದೆ, ತೊಟ್ಟಿನ ಎರಡೂ ಬದಿಯ ಹೆಗಲು ತುಂಬಿದ ಕಾಯಿಗಳನ್ನು ಏಳೆಂಟು ದಿನ ಮೊದಲೇ ಇಳಿಸಿದೆ. ಕಣ್ಣಳತೆಯನ್ನು ಮಾತ್ರ ನಂಬದೆ ಪ್ರತಿ ಬುಟ್ಟಿಯನ್ನೂ ನೀರಿನ ತೊಟ್ಟಿಗೆ ಹಾಕಿ, ಬಲಿಯದೆ ತೇಲಿದ್ದನ್ನು ಉಪ್ಪಿನಕಾಯಿಗೂ ಬಲಿತು ಮುಳುಗಿದ್ದನ್ನು ಪೆಟ್ಟಿಗೆಗೂ ಬೇರ್ಪಡಿಸಿದೆವು. ನಾಲ್ಕು ಬೆರಳು ತೊಟ್ಟು ಉಳಿಸಿ ಕತ್ತರಿಸುವುದು, ಚಪ್ಪರಕ್ಕೆ ತಂದ ಮೇಲೆ ತೊಟ್ಟನ್ನು ಗಿಡ್ಡ ಮಾಡಿ ತಲೆಕೆಳಗಾಗಿ ನಿಲ್ಲಿಸಿ ಸೊನೆ ಇಳಿಸುವುದು ಬೆಳೆಗಾರರಿಗೆ ಗೊತ್ತಿದ್ದದ್ದೇ. ಆದರೆ ಆಮೇಲೆ ತೊಳೆಯುವ ನೀರಿಗೆ ನಾನು ಬೆರೆಸುವ ಒಂದು ವಸ್ತುವನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಕಂಡುಕೊಳ್ಳಲು ನನಗೆ ಎರಡು ಹಂಗಾಮು ಹಿಡಿದಿದೆ. ಕಪ್ಪುಚುಕ್ಕೆ ರೋಗಕ್ಕೆ ಬಿಸಿನೀರಿನ ಉಪಚಾರವನ್ನು 52 ಡಿಗ್ರಿಯಲ್ಲಿ ಐದಾರು ನಿಮಿಷಕ್ಕೆ ನಿಲ್ಲಿಸಿದೆ, ಏಕೆಂದರೆ 55ಕ್ಕೆ ಏರಿಸಿದಾಗ ಈ ಸಿಪ್ಪೆ ಬೆಂದುಹೋಗುತ್ತದೆ. ಗಾಡಿಯಲ್ಲಿ 13 ಡಿಗ್ರಿ. ಮೂರು ಕಿಲೋ ಪೆಟ್ಟಿಗೆಯಲ್ಲಿ ಒಂದೇ ಪದರ, ಪ್ರತಿ ಹಣ್ಣಿಗೂ ಫೋಮಿನ ಬಲೆ. ಹಣ್ಣು ಮಾಡುವ ಕೆಲಸ ದುಬೈಯಲ್ಲೇ, ಕಾಯಿಯನ್ನು ಹಣ್ಣಾಗಿಸುವ ಎಥಿಲೀನ್ ಅನಿಲದ ಕೋಣೆಯಲ್ಲಿ.

ಈ ನಡುವೆ ಇಶಾಡದ ಇನ್ನೊಂದು ಬಗೆಯಾದ ಬಿಳಿ ಇಶಾಡದ ಇಪ್ಪತ್ತು ಪೆಟ್ಟಿಗೆಗಳನ್ನೂ ಜೊತೆಗೆ ಕಳಿಸಿ ನೋಡಿದೆ. ಅದರ ಸಿಪ್ಪೆ ದಪ್ಪವಾದ್ದರಿಂದ ಎರಡು ಮೂರು ದಿನ ಹೆಚ್ಚು ತಾಳಿತು, ಆದರೆ ತಿಂದವರು ಮತ್ತೆ ಕೇಳಿದ್ದು ಕರಿ ಇಶಾಡವನ್ನೇ. ಯುರೋಪಿನ ಆಸೆಯೂ ಇತ್ತು. 2014ರಲ್ಲಿ ಹಣ್ಣುನೊಣದ ಕಾರಣಕ್ಕೆ ಅಲ್ಲಿಯವರು ನಮ್ಮ ದೇಶದ ಮಾವನ್ನು ತಡೆದು, ಮರುವರ್ಷ ತೆರವುಗೊಳಿಸಿದ ಮೇಲೆ ರೂಢಿಯಲ್ಲಿರುವ 48 ಡಿಗ್ರಿ, ಒಂದು ಗಂಟೆಯ ಬಿಸಿನೀರಿನ ಉಪಚಾರವನ್ನು ಮನೆಯ ಹಂಡೆಯಲ್ಲಿ ಮೂವತ್ತು ಹಣ್ಣಿನ ಮೇಲೆ ಪ್ರಯೋಗಿಸಿದೆ. ಅರ್ಧದಷ್ಟು ಹಣ್ಣು ತೊಟ್ಟಿನ ಸುತ್ತ ಕಂದಿದವು. ಹಂಡೆಯ ಶಾಖ ಒಂದೇ ಸಮ ಇರಲಿಲ್ಲವೆಂಬ ಅನುಮಾನವಿದೆ, ಆದ್ದರಿಂದ ಆ ವಿಚಾರವನ್ನು ಇನ್ನೂ ಕೈಬಿಟ್ಟಿಲ್ಲ.

ಹಣದ ಲೆಕ್ಕವನ್ನು ನೆನಪಿನಿಂದ ಹೇಳುತ್ತೇನೆ. 2024ರಲ್ಲಿ ಐದು ಸಲಕ್ಕೆ ಒಟ್ಟು 900 ಕಿಲೋದಷ್ಟು ಹೋಯಿತು. ಕಿಲೋಗೆ ಹಣ್ಣಿನ ಬೆಲೆ 90, ಆಳು ಮತ್ತು ಪೆಟ್ಟಿಗೆಗೆ 35, ಬೆಂಗಳೂರಿನವರೆಗೆ 20ರ ಒಳಗೆ, ವಿಮಾನ ಬಾಡಿಗೆ ಮತ್ತು ಕಾಗದಪತ್ರಕ್ಕೆ 110, ಹೀಗೆ ಸುಮಾರು 250 ರೂಪಾಯಿ ಬಿತ್ತು. ಕೈಗೆ ಬಂದದ್ದು 340. ಹಿಂದಿನ ಎರಡು ವರ್ಷಗಳ 1 ಲಕ್ಷ 15 ಸಾವಿರದ ನಷ್ಟದಲ್ಲಿ 80 ಸಾವಿರದಷ್ಟು ಮರಳಿತು, ಉಳಿದದ್ದು ಮುಂದಿನ ಹಂಗಾಮಿನಲ್ಲಿ ತೀರಿತು. ಆ ಹಂಗಾಮಿಗೆ ಪಕ್ಕದ ತೋಟದ ಹಿರಿಯರು ತಮ್ಮ ಆರು ಮರಗಳ ಕಾಯಿಯನ್ನು ನನಗೇ ಕೊಟ್ಟರು, ತೊಟ್ಟು ಮುರಿಯದಂತೆ ತಾವೇ ನಿಂತು ಕೊಯ್ಸಿ.