ಮನೆಮಂದಿಗೆಲ್ಲ ಒಂದೇ ಕಂಪ್ಯೂಟರ್: ಬಿಡಿಭಾಗ ಕೊಳ್ಳುವ ಮುನ್ನ

ಮಕ್ಕಳ ಓದಿಗೂ ಮನೆಯ ಲೆಕ್ಕಪತ್ರಕ್ಕೂ ಸೇರಿ ಒಂದೇ ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವವರು ಪರದೆಗೆ ಚಿತ್ರ ಒದಗಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ಹಣ ಸುರಿಯಬೇಕಾಗಿಲ್ಲ. ಎಎಂಡಿ ಕಂಪನಿಯ ರೈಜನ್ 5 5600ಜಿಯಂತಹ, ಗ್ರಾಫಿಕ್ಸ್ ಒಳಗೊಂಡ ಪ್ರೊಸೆಸರ್ ಸಾಕು. ಇಂಟೆಲ್ ಕಂಪನಿಯ ಪ್ರೊಸೆಸರ್ ಕೊಳ್ಳುವುದಾದರೆ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿದೆಯೇ ಎಂದು ನೋಡಿಕೊಳ್ಳಿ. ಅಂಥವುಗಳಲ್ಲಿ ಗ್ರಾಫಿಕ್ಸ್ ಇಲ್ಲದ ಕಾರಣ, ಬೇರೆ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಮೂಡದು. ಒಳಗಿನ ಗ್ರಾಫಿಕ್ಸ್ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮನ್ನೇ ಹಂಚಿಕೊಳ್ಳುವುದರಿಂದ, 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡನ್ನು ಹಾಕಿಸುವುದು ಮೇಲು; ಎರಡಿದ್ದರೆ ಮಾಹಿತಿ ಬೇಗ ಹರಿಯುತ್ತದೆ. ಕಡತಗಳನ್ನು ಉಳಿಸಿಡಲು, ಹಳೆಯ ಹಾರ್ಡ್ ಡಿಸ್ಕಿಗಿಂತ ವೇಗದ ಎಸ್‌ಎಸ್‌ಡಿ ಇರಲೇಬೇಕು. ಕ್ಯಾಬಿನೆಟ್ (ಹೊರಪೆಟ್ಟಿಗೆ) ಜೊತೆಗೇ ಬರುವ ಅಗ್ಗದ ಪವರ್ ಸಪ್ಲೈಯನ್ನು ಮಾತ್ರ ನಾನು ನಂಬುವುದಿಲ್ಲ. 450 ವ್ಯಾಟಿನ, ವಿದ್ಯುತ್ ದಕ್ಷತೆಯನ್ನು ಸೂಚಿಸುವ ‘80 ಪ್ಲಸ್’ ಮುದ್ರೆಯುಳ್ಳದ್ದನ್ನು ಬೇರೆಯಾಗಿಯೇ ಕೊಳ್ಳಿ. ನಮ್ಮ ವಿಜಯಪುರದ ಬೇಸಿಗೆಯ ಧಗೆಯನ್ನೂ ಧೂಳನ್ನೂ ನೆನೆದರೆ, ಗಾಜಿನ ಅಲಂಕಾರಕ್ಕಿಂತ ಮುಂಭಾಗದಲ್ಲಿ ಕಳಚಿ ತೊಳೆಯಬಹುದಾದ ಜಾಲರಿಯಿರುವ ಕ್ಯಾಬಿನೆಟ್ ಹೆಚ್ಚು ಉಪಯುಕ್ತ.