ನೀಲಗಿರಿ ಕಿತ್ತ ನೆಲದಲ್ಲಿ ರಾಗಿ: ಬದುವಿನ ಕೂಲಿ, ಕೆರೆ ಗೋಡು, ನನ್ನ ಅನುಭವ

ನೀಲಗಿರಿ ಕಿತ್ತ ನೆಲವನ್ನು ಹತ್ತು ವರ್ಷ ಬೀಳು ಬಿಟ್ಟರೂ ಅದು ಬೆಳೆಗೆ ಬರುವುದಿಲ್ಲ ಎಂದು ಕೋಲಾರ ಜಿಲ್ಲೆಯ ನಮ್ಮ ಮಾಲೂರು ಸೀಮೆಯ ಹಿರಿಯರು ಹೇಳುತ್ತಿದ್ದರು. ಮರ ಕೀಳಿಸಿ ಕೈ ಸುಟ್ಟುಕೊಂಡವರೂ ಅದನ್ನೇ ಹೇಳುತ್ತಿದ್ದರು. ಅಂಥ ನೆಲದಲ್ಲಿಯೇ ನಮ್ಮ ಗುಂಪಿನ ರೈತರು ಈಗ ಮಳೆಯಾಶ್ರಯದಲ್ಲಿ ಎಕರೆಗೆ ಸುಮಾರು ಹತ್ತು ಕ್ವಿಂಟಾಲ್ ರಾಗಿ ತೆಗೆಯುತ್ತಿದ್ದಾರೆ, ಅದೂ ಸಾಲವಿಲ್ಲದೆ.

2017ರಲ್ಲಿ ಸರ್ಕಾರ ಹೊಸ ನೀಲಗಿರಿ ನಾಟಿಯನ್ನು ನಿಷೇಧಿಸಿದ ಮೇಲೆ ನಮ್ಮಲ್ಲಿ ಹಲವರು ಮರ ಕಡಿಸಿದರು, ಆದರೆ ಬುಡ ಕೀಳಿಸಲು ಎಕರೆಗೆ ಇಪ್ಪತ್ತೈದು ಸಾವಿರದಷ್ಟು ಬೇಕೆಂದು ತಿಳಿದು ಕೈಚೆಲ್ಲಿದರು. ನಾವು ಬುಡಗಳನ್ನು ಇಟ್ಟಿಗೆ ಗೂಡುಗಳಿಗೆ ಸೌದೆಯಾಗಿ ಮಾರಿದ್ದರಿಂದ ಅರ್ಧದಷ್ಟು ಹಣ ಮರಳಿ ಬಂತು. ಯಾವ ತಿಂಗಳಲ್ಲಿ ಮಾರಿದರೆ ಹೆಚ್ಚಿನ ಬೆಲೆ ಸಿಗುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಗೂಡಿನವರೂ ಇದನ್ನು ಓದಬಹುದು.

ಬುಡ ಕಿತ್ತ ವರ್ಷವೇ ಬಿತ್ತಿದ ರಾಗಿ ಗೇಣುದ್ದ ಬಂದು ಹಳದಿಗೆ ತಿರುಗಿತು. ಯೂರಿಯಾ ಹೆಚ್ಚಿಸಿದವರಿಗೆ ಗೊಬ್ಬರದ ಹಣವೂ ಹೋಯಿತು, ಏಕೆಂದರೆ ಮಣ್ಣಿನಲ್ಲಿ ಉಳಿದ ಬೇರನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಸಾರಜನಕವನ್ನು ಮೊದಲು ಕಬಳಿಸುತ್ತವೆ. ಅದೇ ಸಾಲಿನ ಹೊಲಗಳಲ್ಲಿ ಹುರುಳಿ ಮಾತ್ರ ಹಬ್ಬಿ ನಿಂತಿತು. ಅಂದಿನಿಂದ ಮೊದಲ ಹಂಗಾಮಿಗೆ ಹುರುಳಿಯನ್ನೇ ಬಿತ್ತಿಸಿ, ಹೂವಿಗೆ ಬಂದಾಗ ರೋಟವೇಟರ್ ಹೊಡೆಸಿ ಮಣ್ಣಿಗೆ ಸೇರಿಸುತ್ತಿದ್ದೇವೆ. ಮುಂದಿನ ಬಿತ್ತನೆಗೆ ಮುನ್ನ ಒಂದು ಗೇಣು ಅಗೆದು ಬೇರಿನ ಚೂರನ್ನು ಬೆರಳುಗಳ ನಡುವೆ ಹಿಸುಕಿ ನೋಡುತ್ತೇನೆ. ಪುಡಿಯಾದರೆ ರಾಗಿ ಬಿತ್ತಬಹುದು. ನಾರು ನಾರಾಗಿ ಎಳೆದುಕೊಂಡರೆ ಇನ್ನೊಂದು ಹಂಗಾಮು ಹುರುಳಿಯೇ ಸರಿ.

ಈ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ತೇವ ಹಿಡಿದಿಡಲು ಕೆರೆ ಗೋಡಿಗೆ, ಅಂದರೆ ಕೆರೆ ತಳದ ಹೂಳಿಗೆ, ಸಮನಾದುದು ಬೇರೊಂದಿಲ್ಲವೆಂದೇ ನನ್ನ ನಂಬಿಕೆ. ಆದರೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರತೊಡಗಿದ ಕೆರೆಗಳು ಬೇಸಿಗೆಯಲ್ಲೂ ಬತ್ತದೆ, ಅಲ್ಲಿ ಗೋಡು ತೆಗೆಯುವುದೇ ಕಷ್ಟವಾಗಿದೆ. ಆದ್ದರಿಂದ ಯೋಜನೆಗೆ ಸೇರದ ಸಣ್ಣ ಕುಂಟೆಗಳನ್ನು ಹುಡುಕಿ, ಪಂಚಾಯಿತಿಯ ಒಪ್ಪಿಗೆ ಪಡೆದು, ಎಕರೆಗೆ ಇಪ್ಪತ್ತು ಟ್ರ್ಯಾಕ್ಟರ್ ಲೋಡಿನಂತೆ ಹೊಡೆಸಿದೆವು. ಲೋಡಿಗೆ ಐನೂರರ ಲೆಕ್ಕದಲ್ಲಿ ಎಕರೆಗೆ ಹತ್ತು ಸಾವಿರವಾಯಿತು.

ಆ ಹತ್ತು ಸಾವಿರ ಬಂದದ್ದು ಬದುವಿನಿಂದ. ನರೇಗಾದ ವೈಯಕ್ತಿಕ ಕಾಮಗಾರಿಯಲ್ಲಿ ಸಣ್ಣ ರೈತನು ತನ್ನ ಹೊಲದ ಬದುವನ್ನು ತಾನೇ ಹಾಕಿಕೊಂಡು ಕೂಲಿ ಪಡೆಯಬಹುದಿತ್ತು. 2023-24ರಲ್ಲಿ ದಿನಗೂಲಿ 316 ರೂಪಾಯಿ ಇದ್ದುದರಿಂದ, ಗಂಡ ಹೆಂಡತಿ ಇಬ್ಬರೂ ಸೇರಿ ಮೂವತ್ತು ಮಾನವ ದಿನ ದುಡಿದರೆ ಒಂದು ಎಕರೆಯ ಗೋಡಿನ ಬಾಡಿಗೆ ಹೆಚ್ಚುಕಡಿಮೆ ಕೈಗೆ ಬರುತ್ತಿತ್ತು. ಬದು ಮೊದಲೇ ಎದ್ದಿರುವುದರಿಂದ ಹೊಡೆಸಿದ ಗೋಡು ಮುಂಗಾರಿಗೆ ಕೊಚ್ಚಿಹೋಗುವುದೂ ಇಲ್ಲ. ಬೇಗ ಮುಗಿಯಲೆಂದು ಜೆಸಿಬಿಯಿಂದ ಬದು ಹಾಕಿಸಿದವರಿಗೆ ಬಿಲ್ ಆಗಲಿಲ್ಲ; ಕೆಲಸಕ್ಕೆ ಮುಂಚಿನ, ನಡುವಿನ ಮತ್ತು ಮುಗಿದ ನಂತರದ ಜಿಯೋ ಟ್ಯಾಗ್ ಚಿತ್ರಗಳಿಲ್ಲದೆ ಅಳತೆ ಪುಸ್ತಕದಲ್ಲಿ ಏನೂ ಏರುತ್ತಿರಲಿಲ್ಲ.

ಹೆಚ್ಚು ಅರ್ಜಿಗಳು ಬಿದ್ದುಹೋದದ್ದು ಮಾತ್ರ ಪಹಣಿಯಿಂದ. ತಾತನ ಹೆಸರಿನಲ್ಲೇ ಉಳಿದ ಜಮೀನಿಗೆ ಮೊಮ್ಮಗ ಅರ್ಜಿ ಹಾಕಿದರೆ ಯಾವ ಕಚೇರಿಯೂ ಅದನ್ನು ಮುಂದಕ್ಕೆ ಸರಿಸುವುದಿಲ್ಲ. ಆದುದರಿಂದ ಗುಂಪಿಗೆ ಹೊಸಬರು ಬಂದರೆ ಮಣ್ಣಿನ ಮಾದರಿಗೂ ಮೊದಲು ನಾನು ಕೇಳುವುದು ವಂಶವೃಕ್ಷವನ್ನು. ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಮತ್ತು ಸರ್ಕಾರದ ರೈತರ ದಾಖಲೆ ವ್ಯವಸ್ಥೆಯಾದ ಫ್ರೂಟ್ಸ್ ನೋಂದಣಿಯನ್ನು ಮುಗಿಸಿಕೊಂಡು, ಗ್ರಾಮಸಭೆಯ ಕ್ರಿಯಾ ಯೋಜನೆಯಲ್ಲಿ ಹೆಸರು ಬರೆಸುವವರೆಗೆ ಬೇರೆ ಮಾತೇ ಇಲ್ಲ. ಇದಕ್ಕೆ ಹಿಡಿಯುವ ಕಾಲ ನೋಡಿ ಅರ್ಧದಲ್ಲೇ ಬಿಟ್ಟುಹೋದವರ ಹೊಲಗಳು ಇಂದಿಗೂ ಹಾಗೆಯೇ ಇವೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ನಡುವೆ ರೇಷ್ಮೆ ಮನೆಯ ಹುಳುವಿನ ಕಸವನ್ನು ಗೋಡಿನೊಂದಿಗೆ ಪದರ ಪದರವಾಗಿ ಒಟ್ಟಿ, ತಿಂಗಳುಗಟ್ಟಲೆ ಕೊಳೆಸಿ ಹಾಕಿ ನೋಡಿದೆ. ಹೊಲದ ಆ ಪಟ್ಟಿಯಲ್ಲಿ ರಾಗಿಯ ತೆಂಡೆಗಳೂ (ಬುಡದಿಂದ ಒಡೆಯುವ ಕವಲುಗಳು) ಹೆಚ್ಚಿದವು, ರಾಗಿಯ ನಡುವೆ ಬಿತ್ತಿದ ಅಕ್ಕಡಿ ಸಾಲಿನ ಅವರೆಯೂ ಚೆನ್ನಾಗಿ ಕಟ್ಟಿತು. ಕಸ ಮತ್ತು ಗೋಡು ಎರಡರ ಪ್ರಮಾಣವನ್ನು ಹೊಲಕ್ಕೆ ಬಂದವರಿಗೆ ತೋರಿಸಿಕೊಡುತ್ತೇನೆ. ನೆನಪಿನಂತೆ, ಮೊದಲ ಮಣ್ಣು ಆರೋಗ್ಯ ಚೀಟಿಯಲ್ಲಿ ಶೇಕಡಾ 0.3ರ ಆಸುಪಾಸಿನಲ್ಲಿದ್ದ ಸಾವಯವ ಇಂಗಾಲ ಮೂರು ಬೆಳೆಗಳ ನಂತರ ಶೇಕಡಾ 0.5ರ ಹತ್ತಿರ ಬಂದಿತ್ತು. ಹತ್ತು ವರ್ಷದ ಮಾತು ಹೇಳಿದವರಲ್ಲಿ ಇಬ್ಬರು ಈ ಬೇಸಿಗೆಯಲ್ಲಿ ತಮ್ಮ ಪೌತಿ ಖಾತೆಯ ಅರ್ಜಿಯನ್ನು ನನ್ನಿಂದಲೇ ಬರೆಸಿಕೊಂಡರು.